ಎರಡನೆಯ ರಕ್ತ

ವಿಜಾಪುರ
೧೮ ಜನವರಿ ೧೯೭೮

ಪ್ರೀತಿಯ ಗುರುಬಸವ್ವಳಿಗೆ,

ತಿಕೋಟಾದ ಕನ್ನಡ ಸಾಲೆಯಲ್ಲಿ ನಿನ್ನ ಮಗ್ಗುಲಿಗೆ ಕೂಡುತ್ತಿದ್ದ ನಜಮಾಳ ಸಲಾಮು. ನೀನೂ ನಿನ್ನ ಯಜಮಾನರೂ ಮಗಳು ರೇಣುಕವ್ವನೂ ಬಬಲೇಶ್ವರದಲ್ಲಿ ಚೆನ್ನಾಗಿದ್ದೀರೆಂದು ತಿಳಿದಿದ್ದೇನೆ. ದವಾಖಾನೆಯಲ್ಲಿ ನಿನ್ನ ಆಯಾ ಕೆಲಸ ಖಾಯಂ ಆಯಿತೇ?

ಸಂಕ್ರಮಣಕ್ಕೆ ನೀನು ಕಳಿಸಿದ ಕುಸುರೆಳ್ಳು ಮುಟ್ಟಿತು. ಅದಕ್ಕೂ ಮೊದಲು ಬಂದ ನಿನ್ನ ಪತ್ರಗಳೂ ಮುಟ್ಟಿದ್ದವು. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ದಿನಾ ಸಂಜೆ ನಾಲ್ಕು ಸಾಲು ಗೀಚಿಡುವ ನನ್ನ ಚಟ ನಿನಗೆ ಗೊತ್ತು. ಈಗ ಅದೂ ಆಗುವುದಿಲ್ಲ. ಪೆನ್ನು ಹಿಡಿದರೆ ಮೊದಲಿಗೇ 'ಇವರು' ಎಂದು ಬರುತ್ತದೆ, ಆಮೇಲೆ ಏನು ಬರೆಯಬೇಕೋ ತಿಳಿಯುವುದಿಲ್ಲ. ಇವರು ಬಂದರು, ಇವರು ಉಂಡರು, ಇವರು ಹೇಳಿದರು, ಹೀಗೇ ಅಲ್ಲವೇ ನಾನು ಬರೆಯುತ್ತಿದ್ದದ್ದು.

ಎಂಟು ದಿನ ನಮ್ಮ ಮನೆಗೆ ಬಂದು ಇದ್ದು ಹೋಗು ಎಂದು ಕರೆದಿದ್ದೀ. ಬರಲಾರೆ, ಗುರವ್ವಾ. ನಾನು ಇದ್ದತ್ ಕೂತಿದ್ದೇನೆ. ಗಂಡ ತೀರಿದ ಮೇಲೆ ನಮ್ಮಲ್ಲಿ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಗಂಡನ ಮನೆಯ ಹೊಸ್ತಿಲು ದಾಟಬಾರದು, ಪರಗಂಡಸರ ಕಣ್ಣಿಗೆ ಬೀಳಬಾರದು. ಯಾಕೆ ಎಂದು ನೀನು ಕೇಳಿಯೇ ಕೇಳುತ್ತೀ. ಸತ್ತವರ ಮಾನಕ್ಕೆ ಎನ್ನುತ್ತಾರೆ. ಇನ್ನೊಂದು ಕಾರಣವನ್ನು ಹೆಂಗಸರು ಮೆಲ್ಲಗೆ ಹೇಳುತ್ತಾರೆ. ಹೋದವನ ಕೂಸು ಹೊಟ್ಟೆಯಲ್ಲಿ ಉಳಿದಿದೆಯೋ ಇಲ್ಲವೋ ಗೊತ್ತಾಗಲಿ ಎಂದು.

ನನ್ನದು ಒಳಗಿನ ಕೋಣೆ. ಇರುವುದೊಂದೇ ಕಿಟಕಿ. ಅದಕ್ಕೆ ಅತ್ತೆ ಇವರ ಹಳೆಯ ಲುಂಗಿಯನ್ನು ಪರದೆ ಮಾಡಿ ಕಟ್ಟಿದ್ದಾರೆ. ಬೆಳಗ್ಗೆ ಬಿಸಿಲು ಬಿದ್ದಾಗ ಗೋಡೆಯ ಮೇಲೆ ಲುಂಗಿಯ ಚೌಕಳಿ ಕಾಣುತ್ತದೆ. ನಾನು ಅದನ್ನೇ ನೋಡುತ್ತ ಕೂಡುತ್ತೇನೆ. ಬಳೆಗಾರರ ಮನೆಯಲ್ಲವೇ ಇದು, ಹೊರಗಿನ ಪಡಸಾಲೆಯಲ್ಲಿ ಮಾವ ಬಳೆಯ ಪೆಟ್ಟಿಗೆ ಬಿಚ್ಚಿ ಕಟ್ಟುವ ಸದ್ದು ಬೆಳಗ್ಗೆ ಸಂಜೆ ಕೇಳುತ್ತದೆ. ನನ್ನ ಕೈಯ ಬಳೆಗಳನ್ನು ಮಾವ ಒಡೆಯಗೊಡಲಿಲ್ಲ. ತಾವೇ ಬಂದು, ತಾವೇ ಮದುವೆಯಲ್ಲಿ ಇಡಿಸಿದ ಬಳೆಗಳನ್ನು ಒಂದೊಂದಾಗಿ ತೆಗೆದರು. ಒಂದೂ ಒಡೆಯಲಿಲ್ಲ.

ಹೋದ ತಿಂಗಳು ನನ್ನ ಅಣ್ಣ ಗುಡುಸಾಬ ತಿಕೋಟಾದಿಂದ ಬಂದಿದ್ದ. ಬಾಗಿಲ ಬಳಿ ಕೂತು, ಇದ್ದತ್‌ನಲ್ಲಿ ಆಡಬಾರದ ಮಾತನ್ನು ಆಡಿದ. "ಇಟ್ಟಂಗಿಹಾಳದಾಗ ಒಬ್ರು ಅದಾರ. ಹೊಲ ಐತಿ. ಹೆಂಡ್ತಿ ಸತ್ತಾಳ. ಮಕ್ಕಳು ದೊಡ್ಡವದಾವ, ನಿನಗೇನ್ ತ್ರಾಸ ಇಲ್ಲ" ಎಂದ. ಆ ಮಕ್ಕಳಲ್ಲಿ ಹಿರಿಯವನು ನನಗಿಂತ ದೊಡ್ಡವನಂತೆ. ಅತ್ತೆ ಏನೂ ಅನ್ನಲಿಲ್ಲ. ಗುರವ್ವಾ, ಅವರು ಸುಮ್ಮನಿದ್ದದ್ದೇ ನನಗೆ ಹೆದರಿಕೆ ಹುಟ್ಟಿಸಿತು. ಕೂಸಿಲ್ಲದ ವಿಧವೆ ಸೊಸೆಗೆ ಈ ಮನೆಯಲ್ಲಿ ಇದ್ದತ್ ಮುಗಿಯುವತನಕ ಮಾತ್ರ ಜಾಗ ಎಂದು ಅವತ್ತು ತಿಳಿಯಿತು.

ಆಮೇಲೆ ಒಂದು ದಿನ ಅತ್ತೆ ನನ್ನ ಎದುರಿಗೆ ಬಂದು ಕೂತರು. "ನಜಮಾ, ನಾ ನೋಡಾಕತ್ತೇನಿ. ನೀ ನಮಾಜ್ ಬಿಟ್ಟೇ ಇಲ್ಲಲ್ಲ ಬೇ" ಎಂದರು. ಮುಟ್ಟಾದ ದಿನಗಳಲ್ಲಿ ನಾವು ನಮಾಜು ಮಾಡುವುದಿಲ್ಲ, ಚಾಪೆ ಮಡಿಸಿಟ್ಟೇ ಇರುತ್ತದೆ. ನನ್ನ ಚಾಪೆ ಒಂದು ದಿನವೂ ಮಡಿಸಿದ್ದಿರಲಿಲ್ಲ. ದುಃಖದಲ್ಲಿ ನನಗದರ ಪರಿವೆಯೇ ಇರಲಿಲ್ಲ. ಅತ್ತೆ ಎಣಿಸುತ್ತ ಕೂತಿದ್ದರು.

ಮರುದಿನ ಸೂಲಗಿತ್ತಿ ಕಾಳವ್ವ ಬಂದಳು. ನಾಡಿ ಹಿಡಿದಳು, ಹೊಟ್ಟೆ ಮುಟ್ಟಿದಳು, ಕಣ್ಣಿನ ರೆಪ್ಪೆ ಎಳೆದು ನೋಡಿದಳು. "ಐತಿ" ಎಂದಳು. ಒಂದೇ ಮಾತು. ಅತ್ತೆ ಅಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಇವರು ಹೋದ ದಿನವೂ ಅವರು ಹಾಗೆ ಅತ್ತಿರಲಿಲ್ಲ. ಅವತ್ತಿನಿಂದ ನನ್ನ ತಾಟಿನಲ್ಲಿ ತುಪ್ಪ ಹೆಚ್ಚಾಗಿದೆ. ಅಣ್ಣ ಗುಡುಸಾಬನಿಗೆ ಮಾವ ಹೇಳಿ ಕಳಿಸಿದರು: "ನಮ್ಮ ಮಗ ಲಾಡಲ್ಯಾನ ಕೂಸು ಐತಿ. ಆಕಿ ಎಲ್ಲೂ ಹೋಗಾಂಗಿಲ್ಲ."

ಇನ್ನು ಸಕ್ಕರಿಯ ಸುದ್ದಿ. ಮದುವೆಯಾದ ವರುಷ ಇವರು ತಿಕೋಟಾದ ಬಸ್‌ಸ್ಟ್ಯಾಂಡಿನಿಂದ ಕೈಚೀಲದಲ್ಲಿ ಹಾಕಿ ತಂದ ಬೆಕ್ಕು ನಿನಗೆ ನೆನಪಿದೆಯಲ್ಲ? "ನಿನ್ನ ತವರಿನ ಮಂದಿ ಬಂದಾರ ನೋಡು" ಎಂದು ನನ್ನ ಮಡಿಲಿಗೆ ಬಿಟ್ಟಿದ್ದರು. ಈಗ ಈ ಕೋಣೆಯಲ್ಲಿ ನನ್ನ ಜೊತೆ ಇರುವುದು ಅದೊಂದೇ.

ಈ ಚಳಿಗಾಲ ನಮ್ಮ ಓಣಿಯಲ್ಲಿ ಬೆಕ್ಕುಗಳು ಸಾಯುತ್ತಿವೆ. ಅನ್ನ ಬಿಡುತ್ತವೆ, ಹಳದಿ ನೊರೆ ಕಾರುತ್ತವೆ, ಭೇದಿ ಆಗುತ್ತದೆ, ನೀರಿನ ಬಾನಿಯ ಮುಂದೆ ತಲೆ ಇಳಿಬಿಟ್ಟು ಕೂತು ಹಾಗೇ ಹೋಗಿಬಿಡುತ್ತವೆ. ಅತ್ತೆಗೆ ಹೆದರಿಕೆ. "ಹೊಟ್ಟ್ಯಾಗ ಕೂಸೈತಿ. ಬ್ಯಾನಿ ಬೆಕ್ಕು ಮಗ್ಗಲದಾಗ ಯಾಕ? ಹೊರಗ ಬಿಡು" ಎಂದು ದಿನಾ ಒಂದೇ ಮಾತು.

ಇವರು ಅಟೆಂಡರ್ ಆಗಿದ್ದ ದನದ ದವಾಖಾನೆಯ ಈರಯ್ಯ ಡಾಕ್ಟರು ಮೊನ್ನೆ ಮಾತಾಡಿಸಿಕೊಂಡು ಹೋಗಲು ಬಂದಿದ್ದರು. ಅತ್ತೆಯ ಮಾತು ಕೇಳಿ ನಕ್ಕರು. "ಅವ್ವಾರ, ಅದು ಬೆಕ್ಕಿನ ಕರುಳಿಗೆ ಬರೋ ಬ್ಯಾನಿ. ಮನಷ್ಯಾರಿಗೆ ಬರಾಂಗಿಲ್ಲ" ಎಂದರು. ಅತ್ತೆ ಬಿಡಲಿಲ್ಲ: "ಡಾಕ್ಟರಸಾಬ, ನೀವು ದನದ ಡಾಕ್ಟರ. ನಿಮಗ ಬಸುರಿ ಹೆಂಗಸಿನ ಸುದ್ದಿ ಏನ್ ತಿಳೀತೈತ್ರಿ?" ಆಗ ಡಾಕ್ಟರರು, ಬದುಕಿ ಉಳಿದ ಬೆಕ್ಕುಗಳ ರಕ್ತ ತೆಗೆದು ದೂರದ ಒಂದು ದೊಡ್ಡ ಪ್ರಯೋಗಶಾಲೆಗೆ ಕಳಿಸುತ್ತಿದ್ದೇವೆ, ಸಕ್ಕರಿಯದನ್ನೂ ಕಳಿಸೋಣ, ಅಲ್ಲಿಂದ ಬಂದ ಮಾತನ್ನಾದರೂ ನಂಬುತ್ತೀರೋ ಎಂದು ಕೇಳಿದರು. ಅತ್ತೆ ಒಪ್ಪಿದರು. ಯಂತ್ರದಲ್ಲಿ ಹಾಕಿ ನೋಡುತ್ತಾರೆಂದರೆ ಅವರಿಗೆ ಅರ್ಧ ನಂಬಿಕೆ.

ಸಕ್ಕರಿ ನನ್ನ ಕೈಯಲ್ಲಿ ಮಾತ್ರ ಸುಮ್ಮನಿರುತ್ತದೆ. ನಾನೋ ಡಾಕ್ಟರರ ಮುಂದೆ ಬರುವಂತಿಲ್ಲ. ಕೊನೆಗೆ ಬಾಗಿಲಿಗೆ ಕೌದಿ ಕಟ್ಟಿದರು. ಒಳಗೆ ನಾನು ಸಕ್ಕರಿಯನ್ನು ತೊಡೆಯ ಮೇಲೆ ಒತ್ತಿ ಹಿಡಿದು, ಅದರ ಮುಂಗಾಲೊಂದನ್ನೇ ಕೌದಿಯ ಸಂದಿನಿಂದ ಹೊರಗೆ ಚಾಚಿದೆ. ಹೊರಗಿನಿಂದ ಡಾಕ್ಟರರು, "ಕಾಲು ಗಟ್ಟಿ ಹಿಡೀರಿ ತಂಗಿ" ಎಂದರು. ಮಾವ ನಡುವೆ ಬಾಯಿ ಹಾಕಿದರು: "ಬೆಕ್ಕಿನ ಕಾಲ್ರಿ ಡಾಕ್ಟರ, ಬೆಕ್ಕಿಂದು." ಕಾಂಪೌಂಡರ್ ಹಣಮಂತನಿಗೆ ನಗು ತಡೆಯಲಾಗಲಿಲ್ಲ. ನನಗೂ ನಗು ಬಂತು, ಗುರವ್ವಾ. ಇವರು ಹೋದ ಮೇಲೆ ಮೊದಲ ಸಲ. ನಕ್ಕ ಕೂಡಲೇ ಬಾಯಿ ಮುಚ್ಚಿಕೊಂಡೆ.

ರಕ್ತವನ್ನು ಗಾಜಿನ ನಳಿಗೆಯಲ್ಲಿ ಓರೆಯಾಗಿ ಇಟ್ಟರೆ ಕೆಂಪು ಕೆಳಗೆ ಹೆಪ್ಪುಗಟ್ಟಿ ಮೇಲೆ ತಿಳಿಹಳದಿ ನೀರು ನಿಲ್ಲುತ್ತದಂತೆ. ಪರೀಕ್ಷೆಗೆ ಬೇಕಾದದ್ದು ಆ ನೀರೇ. ಹಣಮಂತ ಅದನ್ನು ಬರ್ಫ ಹಾಕಿದ ಥರ್ಮಾಸಿನಲ್ಲಿ ಇಟ್ಟು ರೇಲ್ವೆ ಸ್ಟೇಶನ್ನಿಗೆ ಒಯ್ದ. ಉತ್ತರ ಬರುವತನಕ ಸಕ್ಕರಿಯೂ ಕೋಣೆಯಿಂದ ಹೊರಗೆ ಹೋಗಬಾರದೆಂದು ಅತ್ತೆಯ ಅಪ್ಪಣೆ. ಈಗ ನಾವಿಬ್ಬರೂ ಇದ್ದತ್ ಕೂತಿದ್ದೇವೆ.

ರೇಣುಕವ್ವನಿಗೆ ನನ್ನ ಮುದ್ದು. ಮಾವನಿಗೆ ಉರ್ದು ಬಿಟ್ಟರೆ ಓದಲು ಬಾರದು, ಪತ್ರವನ್ನು ಅವರೇ ಡಬ್ಬಿಗೆ ಹಾಕುತ್ತಾರೆ. ಹಾಗಾಗಿ ನೀನು ಮನಸ್ಸು ಬಿಚ್ಚಿ ಬರೆಯಬಹುದು.

ನಿನ್ನ
ನಜಮಾ

ತಾ.ಕ.: ಎಲ್ಲರೂ "ಐತಿ" ಎನ್ನುತ್ತಾರೆ. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂಡುತ್ತೇನೆ. ನನಗಿನ್ನೂ ಏನೂ ತಿಳಿಯುತ್ತಿಲ್ಲ. ರೇಣುಕವ್ವನ ಸಲ ನಿನಗೆ ಯಾವಾಗ ತಿಳಿಯಿತು? ಬರೆ.


ವಿಜಾಪುರ
೧೩ ಫೆಬ್ರುವರಿ ೧೯೭೮

ಪ್ರೀತಿಯ ಗುರವ್ವಾ,

ನಿನ್ನ ಪತ್ರ ಓದಿ ಸಮಾಧಾನವಾಯಿತು. ನಿನಗೂ ಐದನೆಯ ತಿಂಗಳತನಕ ಏನೂ ತಿಳಿದಿರಲಿಲ್ಲ ಎಂಬುದನ್ನು ಅತ್ತೆಗೆ ಓದಿ ಹೇಳಿದೆ. "ಮತ್ತ, ನಾ ಏನ್ ಹೇಳಿದ್ದೆ?" ಎಂದರು. ಉತ್ತರ ತಡವಾದದ್ದಕ್ಕೆ ಈ ಸಲ ಕಾರಣ ಸಕ್ಕರಿ.

ಹೋದ ವಾರ ಹಣಮಂತ ಸೈಕಲ್ ಮೇಲೆ ಹೋಗುತ್ತಿದ್ದವನು ಮಾರ್ಕೆಟ್ಟಿನಲ್ಲಿ ಮಾವನ ಅಂಗಡಿಯ ಮುಂದೆ ಕಾಲು ಊರಿ ನಿಂತನಂತೆ. ಅಂಗಡಿಯ ತುಂಬ ಹೆಂಗಸರು. ಮಾವ ಯಾರದೋ ಕೈ ಹಿಡಿದು ಬಳೆ ಏರಿಸುತ್ತಿದ್ದರು. ಹಣಮಂತ ಅಲ್ಲಿಂದಲೇ ಕೂಗಿದ: "ಚಾಚಾ, ನಿಮ್ಮ ಬೆಕ್ಕಿನ ರಿಪೋರ್ಟ್ ಬಂತು. ರಕ್ತದಾಗ ಆಂಟಿಬಾಡಿ ಐತಿ!" ಕೂಗಿದವನೇ ಹೊರಟುಹೋದ.

ಮಾವನಿಗೆ ಇಂಗ್ಲಿಷು ಬಾರದು. ಆ ಮಾತಿನಲ್ಲಿ ಅವರಿಗೆ ತಿಳಿದದ್ದು ಒಂದೇ ತುಣುಕು, ಬಾಡಿ. ಇವರು ಕಾಮಣಿಯಿಂದ ಮೈ ಹಳದಿಯಾಗಿ ತೀರಿದ ದಿನ ದೊಡ್ಡ ದವಾಖಾನೆಯ ವರಾಂಡದಲ್ಲಿ ಯಾರೋ ಬಂದು, "ಬಾಡಿ ತಗೊಂಡ್ ಹೋಗ್ರಿ" ಎಂದಿದ್ದರು. ಮಾವ ಆ ಶಬ್ದವನ್ನು ಅವತ್ತೇ ಮೊದಲು ಕೇಳಿದ್ದು. ತಮ್ಮ ಮಗನನ್ನೇ ಬಾಡಿ ಎನ್ನುತ್ತಿದ್ದಾರೆಂದು ತಿಳಿಯಲು ಅವರಿಗೆ ತುಸು ಹೊತ್ತು ಹಿಡಿಯಿತು. ಈಗ ಬೆಕ್ಕಿನ ರಕ್ತದಲ್ಲಿ ಅದೇ ಇದೆ ಎಂದು ನಡುಬಜಾರಿನಲ್ಲಿ ಕೇಳಿದರು. ಬಳೆ ಅರ್ಧ ಏರಿಸಿದ ಕೈಯನ್ನು ಹಾಗೇ ಬಿಟ್ಟು ಮನೆಗೆ ಬಂದರು.

ನನ್ನ ಕೋಣೆಯೊಳಗೆ ಮಾವ ಎಂದೂ ಕಾಲಿಟ್ಟವರಲ್ಲ. ಅವತ್ತು ನೇರವಾಗಿ ಬಂದು ಸಕ್ಕರಿಯ ಕುತ್ತಿಗೆ ಹಿಡಿದೆತ್ತಿ ಗೋಣಿಚೀಲಕ್ಕೆ ಹಾಕಿದರು. ನನ್ನ ಮುಖ ನೋಡಲಿಲ್ಲ. "ಮಾವಾ, ಏನಾಯ್ತ್ರಿ?" ಎಂದೆ. "ಅದರಾಗ ಸಾವು ಐತಿ ಬೇಟಿ. ಸಾವು ಐತಿ" ಎಂದರು. ನಾನು ಚೀಲದ ಹಿಂದೆ ಓಡಿದೆ. ಅಂಗಳದ ಬಾಗಿಲಿಗೆ ಬರುತ್ತಲೇ ಅತ್ತೆ ನನ್ನ ರಟ್ಟೆ ಹಿಡಿದರು. "ಹೊಸ್ತಿಲಾ!" ಎಂದರು, ಅಷ್ಟೇ. ಕಾಲು ನಿಂತುಬಿಟ್ಟಿತು. ಮಾವನ ಸೈಕಲ್ ಓಣಿಯ ತಿರುವು ದಾಟುವತನಕ ಚೀಲದೊಳಗಿನ ಕೂಗು ಕೇಳುತ್ತಿತ್ತು. ಬಾಗಿಲು ತೆರೆದೇ ಇತ್ತು, ಗುರವ್ವಾ. ನನ್ನನ್ನು ಯಾರೂ ಕಟ್ಟಿಹಾಕಿರಲಿಲ್ಲ. ಆದರೂ ನಾನು ಹೋಗಲಿಲ್ಲ.

ಮಾವ ತೊರವಿಯ ಹತ್ತಿರ ಬಿಟ್ಟು ಬಂದಿದ್ದರು. ನನ್ನ ಕೋಣೆಯನ್ನು ಅತ್ತೆ ಫಿನೈಲು ಹಾಕಿ ತೊಳೆದರು. ನಾನು ಊಟ ಬಿಟ್ಟೆ. "ನಿನ್ನ ಸಲುವಾಗಿ ಬ್ಯಾಡ, ಕೂಸಿನ ಸಲುವಾಗಿ ಉಣ್ಣು" ಎಂದು ಅತ್ತೆ ತುತ್ತು ಹಿಡಿದು ಕೂತರು. ಉಂಡೆ. ಈಗೀಗ ನನ್ನ ಊಟವೂ ನನ್ನದಲ್ಲ.

ಮರುದಿನ ಈರಯ್ಯ ಡಾಕ್ಟರರು ಎರಡನೆಯ ಸಲ ರಕ್ತ ತೆಗೆಯಲು ಪೆಟ್ಟಿಗೆ ಹಿಡಿದು ಬಂದರು. ಬೆಕ್ಕು ಎಲ್ಲಿ ಎಂದರು. ಮಾವ, "ಬಾಡಿ ಐತಿ ಅಂದ್ರಲ್ರಿ, ಬಿಟ್ಟು ಬಂದೆ" ಎಂದರು. ಡಾಕ್ಟರರು ಹಣಮಂತನ ಕಡೆ ತಿರುಗಿ, "ಲೇ, ಬಜಾರದಾಗ ನಿಂತು ಹಿಂಗ ಒದರತಾರೇನು?" ಎಂದು ಗದರಿದರು. ಹಣಮಂತ ಗೋಡೆಗೆ ಆತುಕೊಂಡು ನಿಂತ. ಆಮೇಲೆ ಡಾಕ್ಟರರು ಪಡಸಾಲೆಯಲ್ಲಿ ಕೂತು ಬಿಡಿಸಿ ಹೇಳಿದರು. ಕೌದಿಯ ಹಿಂದಿನಿಂದ ನಾನು ಒಂದು ಮಾತೂ ಬಿಡದೆ ಕೇಳಿದೆ.

ಆಂಟಿಬಾಡಿ ಎಂದರೆ ರೋಗ ಅಲ್ಲವಂತೆ. ಮೈಯೊಳಗೆ ರೋಗ ಹೊಕ್ಕಾಗ ರಕ್ತ ಅದರ ಜೊತೆ ಜಗಳಕ್ಕೆ ನಿಲ್ಲುತ್ತದೆ. ಆ ಜಗಳಕ್ಕೆಂದು ರಕ್ತವೇ ಮಾಡಿಕೊಂಡ ಆಯುಧ ಅದು. ಗೆದ್ದ ಮೇಲೆ ರೋಗ ಹೋಗುತ್ತದೆ, ಆಯುಧ ಉಳಿಯುತ್ತದೆ. ಪ್ರಯೋಗಶಾಲೆಯವರು ಹುಡುಕುವುದು ರೋಗವನ್ನಲ್ಲ, ಆ ಉಳಿದದ್ದನ್ನು. "ಐತಿ ಅಂದ್ರ ಬ್ಯಾನಿ ಬಂದಿತ್ತು, ಬೆಕ್ಕು ಗೆದ್ದೈತಿ ಅಂತ ಅರ್ಥ ಬುಡ್ಡೇಸಾಬ್. ಇಲ್ಲ ಅಂತ ಬಂದಿದ್ರ ನಾ ಹೆದರತಿದ್ದೆ" ಎಂದು ಮಾವನಿಗೆ ಹೇಳಿದರು.

ಮಾವ ಕೇಳಿದರು: "ಅಂದ್ರ, ಬಳಿ ತೆಗೆದ ಮ್ಯಾಲೂ ಮುಂಗೈ ಮ್ಯಾಲೆ ಗುರುತು ಉಳೀತೈತಲ್ರಿ, ಹಂಗ?"

"ಹಂಗ. ಬರೋಬ್ಬರಿ ಹಂಗ."

ನಾನು ನನ್ನ ಮುಂಗೈ ನೋಡಿಕೊಂಡೆ. ಬಳೆ ಇದ್ದ ಜಾಗ ಇನ್ನೂ ತುಸು ಬಿಳುಪಾಗಿಯೇ ಇದೆ.

ಅತ್ತೆ ಅಷ್ಟು ಸುಲಭಕ್ಕೆ ಬಿಡುವವರಲ್ಲ. "ಗೆದ್ದದ್ದು ಯಾವಾಗ್ರಿ? ನಿನ್ನೆ ಮೊನ್ನೆ ಗೆದ್ದಿದ್ರ ಅದರ ಎಂಜಲ ಇನ್ನೂ ಮನಿತುಂಬ ಇರತೈತಲ್ಲ?" ಎಂದರು. ಡಾಕ್ಟರರು ಈ ಸಲ ನಗಲಿಲ್ಲ. "ಛಲೋ ಕೇಳಿದ್ರಿ ಅವ್ವಾರ. ಒಂದು ರಕ್ತ ನೋಡಿ ಅದನ್ನ ಹೇಳಾಕ ಬರಾಂಗಿಲ್ಲ" ಎಂದರು. ಕೆಲವು ವಾರ ಬಿಟ್ಟು ಎರಡನೆಯ ಸಲ ರಕ್ತ ತೆಗೆದು ಎರಡನ್ನೂ ಮಗ್ಗುಲಲ್ಲಿಟ್ಟು ನೋಡಬೇಕು. ಎರಡನೆಯದರಲ್ಲಿ ಬಹಳ ಏರಿದ್ದರೆ ರೋಗ ಹೊಸದು. ಎರಡೂ ಒಂದೇ ಸಮ ಇದ್ದರೆ ಹಳೆಯದು. "ಹೊಸದಿದ್ರ ಬೆಕ್ಕು ಈ ಮನಿಯಾಗ ಬ್ಯಾಡ. ಹಳೇದಿದ್ರ ಇರಲಿ" ಎಂದು ಅತ್ತೆ ತೀರ್ಪು ಕೊಟ್ಟರು. ಮನುಷ್ಯರಿಗೆ ಈ ರೋಗ ಬರುವುದೇ ಇಲ್ಲ ಎಂದು ಡಾಕ್ಟರರು ಮತ್ತೊಮ್ಮೆ ಹೇಳಿದರು. ಅತ್ತೆ ಅದನ್ನು ಕೇಳಿಸಿಕೊಳ್ಳಲಿಲ್ಲ.

ಆದರೆ ಎರಡನೆಯ ರಕ್ತಕ್ಕೆ ಬೆಕ್ಕು ಬೇಕಲ್ಲ. ಮಾವ ಮತ್ತೆ ತೊರವಿಗೆ ಹೋದರು. ಸಂಜೆ ಬರುವಾಗ ಚೀಲ ತುಂಬಿತ್ತು. ಹಿಟ್ಟಿನ ಗಿರಣಿಯ ಒಬ್ಬಾಕೆ ಸಕ್ಕರಿಯನ್ನು ಇಟ್ಟುಕೊಂಡಿದ್ದಳಂತೆ. "ಬಂದ ದಿನಾನ ಇಲಿ ಹಿಡದೈತಿ, ಯಾಕ ಕೊಡ್ಲಿ? ಬ್ಯಾಡ ಅಂತ ಒಗದು ಹೋದಾವ ನೀನ ಅಲ್ಲೇನೋ ಯಪ್ಪಾ?" ಎಂದು ಎಲ್ಲರ ಮುಂದೆ ಬೈದಳಂತೆ. ಮಾವ ಅವಳ ಕೈ ಹಿಡಿದು, ಎರಡೂ ಕೈಗೆ ಹಸಿರು ಬಳೆ ಇಡಿಸಿ ಬೆಕ್ಕನ್ನು ಬಿಡಿಸಿಕೊಂಡು ಬಂದರು. ಇದನ್ನೆಲ್ಲ ಹೇಳುವಾಗ ಅವರ ಮುಖದ ಮೇಲೆ ಹಳೆಯ ನಗು ಇತ್ತು. ಅದು ಇವರ ನಗು ಕೂಡ. ಅದನ್ನು ನಾನು ಬಾಗಿಲ ಸಂದಿನಿಂದ ನೋಡಿದೆ.

ಎರಡನೆಯ ರಕ್ತವನ್ನು ನಿನ್ನೆ ತೆಗೆದರು. ಮತ್ತೆ ಕೌದಿ, ಮತ್ತೆ ಒಂದೇ ಕಾಲು. ಈ ಸಲ ಯಾರೂ ನಗಲಿಲ್ಲ. ಸಕ್ಕರಿ ನನ್ನ ಮೊಣಕೈ ಪರಚಿತು. ತೊರವಿಯಲ್ಲಿ ಅದಕ್ಕೆ ಬಿಸಿಲು, ಇಲಿ, ಹಿಟ್ಟಿನ ಮೂಟೆ ಎಲ್ಲ ಸಿಕ್ಕಿದ್ದವು. ಅದನ್ನು ಮತ್ತೆ ಈ ಕೋಣೆಗೆ ತಂದು ಒಳ್ಳೆಯದು ಮಾಡಿದೆವೋ ಇಲ್ಲವೋ ನನಗೆ ಗೊತ್ತಿಲ್ಲ. ಹಗಲೆಲ್ಲ ಕಿಟಕಿಯ ಲುಂಗಿಯ ಕೆಳಗೆ ಮೂಗು ತೂರಿಸಿಕೊಂಡು ಕೂಡುತ್ತದೆ.

ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ
ನಜಮಾ

ತಾ.ಕ.: ಕೂಸು ಇರುವುದರಿಂದ ಸಕ್ಕರಿ ಹೋಗಬೇಕು ಎನ್ನುತ್ತಾರೆ. ಕೂಸು ಇಲ್ಲದಿದ್ದರೆ ಸಕ್ಕರಿ ಇರಬಹುದಿತ್ತು, ನಾನು ಇಟ್ಟಂಗಿಹಾಳಕ್ಕೆ ಹೋಗಬೇಕಿತ್ತು. ಇದನ್ನು ಯಾರ ಮುಂದೆಯೂ ಆಡುವಂತಿಲ್ಲ. ಅದಕ್ಕೇ ನಿನಗೆ ಬರೆದೆ.


ವಿಜಾಪುರ
೯ ಮಾರ್ಚ್ ೧೯೭೮, ಗುರುವಾರ

ಪ್ರೀತಿಯ ಗುರವ್ವಾ,

ಈ ಸಲ ತಡಮಾಡದೆ ಬರೆಯುತ್ತಿದ್ದೇನೆ. ನಿನ್ನ ಪತ್ರ ಮೊನ್ನೆಯೇ ಬಂತು. ರೇಣುಕವ್ವನ ದಡಾರ ವಾಸಿಯಾಯಿತೆಂದು ಓದಿ ಮನಸ್ಸು ಹಗುರವಾಯಿತು. ಬಿಸಿಲು ಏರುತ್ತಿದೆ. ಈ ಕೋಣೆಯಲ್ಲಿ ಮಧ್ಯಾಹ್ನ ಉಸಿರಾಡಲಾಗುವುದಿಲ್ಲ. ಹೊಟ್ಟೆಯಲ್ಲಿ ಕೂಸಿದ್ದರೆ ಇದ್ದತ್ ಹೆರಿಗೆಯತನಕ, ಕೂಸಿನ ಮುಖ ನೋಡಿದ ಮೇಲೆ ಇದೆಲ್ಲ ಮರೆತುಹೋಗುತ್ತದೆ ಎಂದು ಅತ್ತೆ ಸಮಾಧಾನ ಹೇಳುತ್ತಾರೆ.

ಒಳ್ಳೆಯ ಸುದ್ದಿ ಇದೆ. ಎರಡನೆಯ ರಕ್ತದ ಉತ್ತರ ಬಂತು. ಈ ಸಲ ಈರಯ್ಯ ಡಾಕ್ಟರರು ಹಣಮಂತನನ್ನು ನಂಬದೆ ತಾವೇ ಬಂದು ಹೇಳಿದರು. ಎರಡೂ ಒಂದೇ ಸಮ. ಏರಿಲ್ಲ. ಸಕ್ಕರಿಯ ರೋಗ ಈ ಚಳಿಗಾಲದ್ದಲ್ಲ, ಹಳೆಯದು. "ಒಮ್ಮೆ ಗೆದ್ದ ಬೆಕ್ಕಿಗೆ ಈ ಬ್ಯಾನಿ ಮತ್ತ ಬರೋದು ಕಡಿಮಿ. ಓಣ್ಯಾಗ ಇದರಷ್ಟು ಗಟ್ಟಿ ಬೆಕ್ಕು ಯಾವುದೂ ಇರಲಿಕ್ಕಿಲ್ಲ" ಎಂದರು. ಎಷ್ಟು ಹಳೆಯದು ಎಂದು ಅತ್ತೆ ಕೇಳಿದರು. ಅದನ್ನು ರಕ್ತ ಹೇಳುವುದಿಲ್ಲ, ಮನೆಯವರೇ ನೆನಪು ಮಾಡಿಕೊಳ್ಳಬೇಕು ಎಂದರು ಡಾಕ್ಟರರು.

ನನಗೆ ಕೂಡಲೇ ನೆನಪಾಯಿತು. ಸಕ್ಕರಿ ಬಂದ ವರುಷದ ಬೇಸಿಗೆ. ಆಗ ಅದು ಅಂಗೈಯಷ್ಟು ಮರಿ. ಮೂರು ಹೊತ್ತು ಏನೂ ತಿನ್ನದೆ, ನೊರೆ ಕಾರುತ್ತ ಅಡ್ಡಣಿಗೆಯ ಕೆಳಗೆ ಬಿದ್ದಿತ್ತು. ಬದುಕುವುದಿಲ್ಲ ಎಂದು ನಾನು ಹಳೆಯ ಬಟ್ಟೆ ಹುಡುಕಿಟ್ಟಿದ್ದೆ. ಇವರು ಕೆಲಸಕ್ಕೆ ರಜೆ ಹಾಕಿ ಅದರ ಮುಂದೆ ಕೂತರು. ಅರಳೆಯನ್ನು ಉಪ್ಪು ಸಕ್ಕರೆಯ ನೀರಿನಲ್ಲಿ ಅದ್ದಿ ಅದರ ಬಾಯಿಗೆ ಹಿಂಡುತ್ತಿದ್ದರು. ಹನಿ ಹನಿ. ಕಾರಿತು, ಮತ್ತೆ ಹಿಂಡಿದರು. "ಬೆಕ್ಕಿಗೇನೋ ಲಾಡಲ್ಯಾ ಇಷ್ಟು?" ಎಂದು ಅತ್ತೆ ನಕ್ಕಿದ್ದರು. ಅದು ಎದ್ದು ಕೂತ ದಿನವೇ ಇವರು ಅದಕ್ಕೆ ಸಕ್ಕರಿ ಎಂದು ಹೆಸರಿಟ್ಟರು, ಸಕ್ಕರೆ ನೀರಿನಿಂದ ಬದುಕಿತೆಂದು. ಇದೆಲ್ಲ ನನಗೆ ಮರೆತೇಹೋಗಿತ್ತು ನೋಡು. ಎಲ್ಲಿಯದೋ ಊರಿನಲ್ಲಿ ಯಾರೋ ಗಾಜಿನ ನಳಿಗೆಯಲ್ಲಿ ನೋಡಿ, ಹೌದು, ಹಾಗೊಂದು ಆಗಿತ್ತು ಎಂದು ಹೇಳಬೇಕಾಯಿತು. ಇವರು ಮಾಡಿದ ಆ ಸೇವೆ ಆ ಬೆಕ್ಕಿನ ರಕ್ತದಲ್ಲಿ ಇನ್ನೂ ಇದೆ. ನಾನು ಕೌದಿಯ ಹಿಂದೆ ಕೂತು ಸಕ್ಕರಿಯ ಕುತ್ತಿಗೆಯಲ್ಲಿ ಮುಖವಿಟ್ಟು ಅತ್ತುಬಿಟ್ಟೆ. ಅದು ಕೊಸರಲಿಲ್ಲ.

ಒಳಗಿನಿಂದ ನಾನೇ ಬಾಯಿಬಿಟ್ಟು ಇದನ್ನು ಹೇಳಿದೆ. ಪರಗಂಡಸರ ಮುಂದೆ ನನ್ನ ದನಿ ಕೇಳಿಸಿದ್ದಕ್ಕೆ ಅತ್ತೆ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಹೌದು, ನನಗೂ ನೆನಪೈತಿ. ಅದನ್ನ ಉಳಿಸಿದಾವ ನನ್ನ ಮಗಾನ" ಎಂದರು. ಎದ್ದು ಹೋಗಿ ಒಂದು ಬಟ್ಟಲು ಹಾಲು ತಂದು ಕೌದಿಯ ಕೆಳಗಿನಿಂದ ಒಳಗೆ ಸರಿಸಿದರು. ಅವರ ಕೈಯಿಂದ ಆ ಬೆಕ್ಕಿಗೆ ಹಾಲು ಬಿದ್ದದ್ದು ಇದೇ ಮೊದಲು.

ಈಗ ಮನೆಯೇ ಬೇರೆಯಾಗಿದೆ. ಅತ್ತೆ ಇವರ ಅಂಗಿಗಳನ್ನು ಕತ್ತರಿಸಿ ಕೂಸಿಗೆ ಸಣ್ಣ ಕೌದಿ ಹೊಲಿಯುತ್ತಿದ್ದಾರೆ. ಒಂದು ಮೂಲೆ ಮುಗಿಯುವುದರೊಳಗೇ ಸಕ್ಕರಿ ಅದರ ಮೇಲೆ ಮಲಗುತ್ತದೆ. "ಏಳ ಬೇ, ನಿನ್ನ ಧಣಿ ಇನ್ನೂ ಬಂದಿಲ್ಲ" ಎಂದು ಅತ್ತೆ ಅದರ ಬೆನ್ನು ತಟ್ಟುತ್ತಾರೆ. ಮಾವ ಅಂಗಡಿಯಿಂದ ಕೂಸಿನ ಕರಿಬಳೆ ತಂದು ಹತ್ತಿಯಲ್ಲಿ ಸುತ್ತಿ ಗೂಡಿನಲ್ಲಿ ಇಟ್ಟಿದ್ದಾರೆ. ನನ್ನ ಹೆಬ್ಬೆರಳೂ ತೂರದಷ್ಟು ಸಣ್ಣವು. ರಮಜಾನಿನ ಹೊತ್ತಿಗೆ ಮನೆಯಲ್ಲಿ ಅಳುವ ಸದ್ದು ಇರುತ್ತದೆ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಅಣ್ಣ ಗುಡುಸಾಬ ಖಜೂರ ಹಿಡಿದು ಬಂದಿದ್ದ. ಇಟ್ಟಂಗಿಹಾಳದ ಹೆಸರೆತ್ತಲಿಲ್ಲ. ಆ ಮನುಷ್ಯನಿಗೆ ಬೇರೆ ಕಡೆ ನೋಡುತ್ತಿದ್ದಾರಂತೆ.

ನನ್ನ ಅಕ್ಷರ ಈ ಸಲ ನೆಟ್ಟಗಿದೆ, ನೋಡಿದೆಯಾ? ಹೆರಿಗೆಯಾಗಿ ಇದ್ದತ್ ಮುಗಿದ ಮೇಲೆ ಮಾವನೇ ನನ್ನನ್ನು ಕೂಸಿನ ಸಮೇತ ಬಸ್ಸಿಗೆ ಕೂಡಿಸಿ ಬಬಲೇಶ್ವರಕ್ಕೆ ಎರಡು ದಿನ ಕಳಿಸುತ್ತಾರಂತೆ. ಕೇಳಿದ್ದಕ್ಕೆ ಹೂಂ ಎಂದಿದ್ದಾರೆ. ನಿಮ್ಮ ಸಂತೆಯ ದಿನ ನೋಡಿ ಬರುತ್ತೇನೆ. ರೇಣುಕವ್ವನಿಗೆ ಮಾವನ ಪೆಟ್ಟಿಗೆಯಿಂದ ನಾನೇ ಆರಿಸಿದ ಬಳೆ ತರುತ್ತೇನೆ. ಮಗಳು ನೂರು ವರುಷ ಬಾಳಲಿ. ನಿನ್ನ ಸಂಸಾರ ತುಂಬಿರಲಿ. ಯಜಮಾನರಿಗೆ ನನ್ನ ನಮಸ್ಕಾರ.

ನಿನ್ನ
ನಜಮಾ

ತಾ.ಕ.: ಪತ್ರವನ್ನು ನಿನ್ನೆ ಮುಗಿಸಿ ಮಡಿಚಿಟ್ಟಿದ್ದೆ. ಮಾವ ಅಂಚೆಗೆ ಒಯ್ಯುವ ಮೊದಲು ಇಷ್ಟು ಸೇರಿಸುತ್ತಿದ್ದೇನೆ. ಇವತ್ತು ಶುಕ್ರವಾರ. ಬೆಳಗ್ಗೆ ಏಳುವಾಗ ಸೀರೆಗೆ ರಕ್ತ ಆಗಿತ್ತು. ಹೊಟ್ಟೆಯಲ್ಲಿ ನೋವಿದೆ, ಆದರೆ ತಿಂಗಳು ತಿಂಗಳು ಬರುತ್ತಿದ್ದಷ್ಟೇ. ಸೀರೆಯನ್ನು ಬಚ್ಚಲಲ್ಲಿ ನಾನೇ ಒಗೆದೆ. ಯಾರಿಗೂ ಹೇಳಿಲ್ಲ.

ಇದ್ದು ಹೋಯಿತೋ, ಇರಲೇ ಇಲ್ಲವೋ ನನಗೆ ಗೊತ್ತಿಲ್ಲ. ನಿಮ್ಮ ದವಾಖಾನೆಯ ನರ್ಸಬಾಯಿಯನ್ನು ಒಂದು ಮಾತು ಕೇಳು, ನನ್ನ ಹೆಸರು ಹೇಳಬೇಡ. ಹೊಟ್ಟೆಯಲ್ಲಿ ಕೂಸು ಸ್ವಲ್ಪ ದಿನ ಇದ್ದು ಹೋಗಿದ್ದರೆ ತಾಯಿಯ ರಕ್ತದಲ್ಲಿ ಅದರ ಗುರುತು ಉಳಿಯುತ್ತದೆಯೇ? ಬೆಕ್ಕಿನದನ್ನು ನೋಡಿದ ಹಾಗೆ ಅದನ್ನೂ ಯಾರಾದರೂ ನೋಡಿ ಹೇಳುತ್ತಾರೆಯೇ? ಈ ಮನೆಯವರಿಗೆ ತೋರಿಸುವುದಕ್ಕಲ್ಲ. ಇತ್ತು ಎಂದು ನನಗೊಬ್ಬಳಿಗೆ ಗೊತ್ತಾದರೆ ಸಾಕು.

ಮಸೀದಿಯಲ್ಲಿ ಜುಮ್ಮಾದ ನಮಾಜಿಗೆ ಬಾಂಗ್ ಕೂಗುತ್ತಿದ್ದಾರೆ. ಚಾಪೆ ಹಾಸಿದರೆ ದೇವರಿಗೆ ಸುಳ್ಳು ಹೇಳಿದಂತೆ. ಹಾಸದಿದ್ದರೆ ಅತ್ತೆಗೆ ತಿಳಿಯುತ್ತದೆ. ಸಕ್ಕರಿ ಮಡಿಸಿದ ಚಾಪೆಯ ಮೇಲೆ ಮಲಗಿದೆ, ಎಬ್ಬಿಸಲಿಲ್ಲ. ಅತ್ತೆ ಕೈಕಾಲು ತೊಳೆಯಲು ನೀರು ತುಂಬಿ ಬಾಗಿಲಲ್ಲಿ ಇಟ್ಟು ಕರೆಯುತ್ತಿದ್ದಾರೆ. "ನಜಮಾ, ಹೊತ್ತಾತು, ಏಳ ಬೇಟಿ" ಎನ್ನುತ್ತಿದ್ದಾರೆ.